“ಕಿಮೋ ಹೇಗೆ ತಡೆದುಕೊಂಡಿರಿ?” ಎಂದು ಕೇಳುವವರಿಗೆ

ಬಾಗಲಕೋಟೆಯ ನವನಗರದಲ್ಲಿ ಪರಿಚಯದ ಯಾರ ಮನೆಯಲ್ಲಾದರೂ ಕ್ಯಾನ್ಸರ್ ಎಂದು ವರದಿ ಬಂದರೆ ಎರಡು ದಿನದೊಳಗೆ ನನಗೆ ಫೋನ್ ಬರುತ್ತದೆ. ಯಾವ ಸೆಕ್ಟರಿನವರು, ಯಾರ ಸಂಬಂಧಿಕರು ಎಂದು ಹೇಳಿಕೊಂಡು, ಸ್ವಲ್ಪ ಹೊತ್ತು ಮಳೆ-ಬೆಳೆಯ ಮಾತನಾಡಿ, ಕೊನೆಗೆ ಧ್ವನಿ ತಗ್ಗಿಸಿ ಕೇಳುತ್ತಾರೆ: “ಟೀಚರ್, ಕಿಮೋ ಹೇಗೆ ತಡೆದುಕೊಂಡಿರಿ?”

ತಡೆದುಕೊಳ್ಳಲಿಲ್ಲ. ಒಮ್ಮೆ ಮಾತ್ರ ತಡೆದುಕೊಂಡೆ. ಆ ಒಮ್ಮೆ ಜೀವಕ್ಕೇ ಬಂದಿತ್ತು.

2018ರ ಡಿಸೆಂಬರಿನಲ್ಲಿ ನನಗೆ ಸ್ತನದ ಶಸ್ತ್ರಚಿಕಿತ್ಸೆಯಾಯಿತು. ಗಾಯ ಮಾಯ್ದ ಮೇಲೆ 2019ರ ಜನವರಿ 10ರಂದು ಬೆಳಗಾವಿಯಲ್ಲಿ ಮೊದಲ ಕಿಮೋ. ಇಪ್ಪತ್ತೊಂದು ದಿನಕ್ಕೊಂದರಂತೆ ಒಟ್ಟು ಎಂಟು. ಜನವರಿ 21 ಬನದ ಹುಣ್ಣಿಮೆ, ಬಾದಾಮಿ ಬನಶಂಕರಿಯ ತೇರು. ಮನೆ ತುಂಬ ನೆಂಟರು. ಹಿಂದಿನ ಸಂಜೆ ಬುತ್ತಿಗೆ ರೊಟ್ಟಿ ಬಡಿಯುವ ಸದ್ದು ಅಡುಗೆಮನೆಯಿಂದ ಕೇಳುತ್ತಿದ್ದಾಗ ನನಗೆ ಒಳಗಿನಿಂದ ಚಳಿ ಹುಟ್ಟಿತು. ಥರ್ಮಾಮೀಟರ್ 101 ತೋರಿಸಿತು. ಹೇಳಿದರೆ ಎಲ್ಲರ ಜಾತ್ರೆ ಕೆಡುತ್ತದೆ ಎಂದುಕೊಂಡು ಒಂದು ಪ್ಯಾರಾಸಿಟಮಾಲ್ ನುಂಗಿ, ಕೌದಿ ಹೊದ್ದು ಮಲಗಿದೆ. ಜ್ವರ ಇಳಿಯಿತು. ಬೆಳಗಿನ ಜಾವ ಬಚ್ಚಲಿಗೆ ಹೋದವಳು ಅಲ್ಲೇ ಕುಸಿದೆ. ಸೋಂಕು ತಡೆಯುವ ಬಿಳಿ ರಕ್ತಕಣಗಳು ತಳ ಕಂಡಿದ್ದವು, ಸೋಂಕು ರಕ್ತಕ್ಕೆ ಇಳಿದಿತ್ತು. ಆರು ದಿನ ಆಸ್ಪತ್ರೆಯಲ್ಲಿ, ನರದ ಮೂಲಕ ಆಂಟಿಬಯಾಟಿಕ್. ಎರಡನೆಯ ಕಿಮೋ ಒಂದು ವಾರ ಮುಂದಕ್ಕೆ ಹೋಯಿತು.

ಮಲಗಿದ್ದಾಗ ವೈದ್ಯೆ ಕೇಳಿದ್ದು ಒಂದೇ ಮಾತು: “ಜ್ವರ ಬಂದಾಗ ಯಾಕೆ ಫೋನ್ ಮಾಡಲಿಲ್ಲ?” ನನ್ನ ಬಳಿ ಉತ್ತರವಿರಲಿಲ್ಲ. ಬಂದವರೆಲ್ಲ “ವೈನಿ ಬಹಳ ಗಟ್ಟಿ, ಒಂದು ದಿನವೂ ನರಳಲಿಲ್ಲ” ಎಂದು ಹೊಗಳಿದ್ದರು, ಆ ಹೊಗಳಿಕೆಗೆ ತಕ್ಕಂತೆ ಇರಲು ಹೋಗಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಸಣ್ಣಂದಿನಿಂದ ಕಲಿಸುವುದೇ ಇದು. ಈಗ ಆ ಹೊಗಳಿಕೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಆದ್ದರಿಂದ ಫೋನ್ ಮಾಡಿದವರಿಗೆ ಮೊದಲು ಹೇಳುವುದು: ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ದಾಟಿದರೆ ಅಥವಾ ಮೈ ನಡುಗಿದರೆ, ರಾತ್ರಿ ಎರಡಾಗಿದ್ದರೂ ಆಸ್ಪತ್ರೆಗೆ ಫೋನ್ ಮಾಡಬೇಕು, ಹೊರಡಬೇಕು. ಅವರನ್ನು ಕೇಳದೆ ಜ್ವರದ ಮಾತ್ರೆ ನುಂಗಬಾರದು, ಅದು ಜ್ವರವನ್ನಷ್ಟೇ ಮುಚ್ಚುತ್ತದೆ. ಬೆಳಗಾವಿಗೆ ನಮ್ಮಿಂದ ಲೋಕಾಪುರ, ಯರಗಟ್ಟಿ ದಾಟಿ ಮೂರು ಗಂಟೆಗೂ ಮೀರಿದ ದಾರಿ. ಹಾಗಾಗಿ ಊರಿನಲ್ಲೇ ಯಾವ ಆಸ್ಪತ್ರೆಗೆ ಮೊದಲು ಹೋಗಬೇಕು, ಯಾರ ಗಾಡಿ ಎಂಬುದು ಕಿಮೋ ಆರಂಭವಾಗುವ ಮೊದಲೇ ನಿಶ್ಚಯವಾಗಿರಬೇಕು. ಕಿಮೋ ಪಡೆಯುತ್ತಿರುವ ರೋಗಿ ಎಂದು ಬಾಗಿಲಲ್ಲೇ ಹೇಳಬೇಕು.

ಆಮೇಲೆ ನಾನೊಂದು ನೋಟ್‌ಬುಕ್ ಮಾಡಿದೆ. ದಿನಕ್ಕೆ ನಾಲ್ಕು ಸಾಲು: ಜ್ವರ, ಊಟ, ಹೊಟ್ಟೆ, ಹೊಸದಾಗಿ ಏನಾದರೂ. ಎರಡು ಸುತ್ತು ಮುಗಿಯುವಷ್ಟರಲ್ಲಿ ನನ್ನ ದೇಹಕ್ಕೂ ಒಂದು ಪಂಚಾಂಗ ಇದೆ ಎಂದು ತಿಳಿಯಿತು. ಎರಡರಿಂದ ನಾಲ್ಕನೆಯ ದಿನ ಹೊಟ್ಟೆ ತೊಳಸುತ್ತದೆ. ಐದಕ್ಕೆ ಬಾಯಿ ಉರಿ ಶುರು. ಏಳರಿಂದ ಹದಿನಾಲ್ಕರವರೆಗೆ ರಕ್ತಕಣಗಳು ಕೆಳಗೆ, ಆಗ ಮದುವೆ, ಜಾತ್ರೆ, ಸಂತೆ, ನೆಗಡಿಯಾದ ಮಕ್ಕಳು ಎಲ್ಲದರಿಂದ ದೂರ. ಹದಿನೈದರಿಂದ ಇಪ್ಪತ್ತೊಂದು ನನ್ನ ಸ್ವಂತದ ವಾರ. ಆ ವಾರ ಇಷ್ಟವಾದದ್ದನ್ನು ತಿಂದೆ, ಶಾಲೆಗೂ ಒಮ್ಮೆ ಹೋಗಿ ಬಂದೆ. ಬೇಗ ಬೇಗ ಇಬ್ಭಾಗವಾಗುವ ಜೀವಕೋಶಗಳನ್ನು ಹಿಡಿಯುವುದು ಈ ಔಷಧಗಳ ಕೆಲಸ. ಗಡ್ಡೆಯ ಕೋಶ ಅಂಥದ್ದು. ಕೂದಲಿನ ಬುಡ, ಬಾಯಿ-ಕರುಳಿನ ಒಳಪದರ, ರಕ್ತ ಹುಟ್ಟುವ ಅಸ್ಥಿಮಜ್ಜೆಯೂ ಅಂಥವೇ. ಇಷ್ಟು ತಿಳಿದರೆ ಕಷ್ಟ ಯಾವ ಬಾಗಿಲಿನಿಂದ ಬರುತ್ತದೆ ಎಂದು ಗೊತ್ತಾಗುತ್ತದೆ, ಒಳ್ಳೆಯ ಕೋಶಗಳು ಮತ್ತೆ ಬೆಳೆಯುತ್ತವೆ ಎಂಬ ಧೈರ್ಯವೂ ಬರುತ್ತದೆ.

ಎರಡನೆಯ ಸುತ್ತಿನಿಂದ, ಕಿಮೋದ ಮರುದಿನ ಬಿಳಿ ರಕ್ತಕಣ ಹೆಚ್ಚಿಸುವ ಚುಚ್ಚುಮದ್ದು ಕೊಟ್ಟರು. ಅದನ್ನು ತಂಪಿನಲ್ಲಿಡಬೇಕು. ಯಜಮಾನರು ಮಂಜುಗಡ್ಡೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಇಲ್ಲಿಯ ನರ್ಸ್ ಹೊಟ್ಟೆಗೆ ಚುಚ್ಚುತ್ತಿದ್ದರು. ಅದರಿಂದ ಸೊಂಟದ ಎಲುಬು ನೋಯುತ್ತದೆ. ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಮೊದಲ ನಾಲ್ಕು ಸುತ್ತಿನ ಕೆಂಪು ಔಷಧ ಡಾಕ್ಸೋರುಬಿಸಿನ್ ಆದಮೇಲೆ ಮೂತ್ರ ಒಂದೆರಡು ದಿನ ಕೆಂಪಾಗುವುದೂ ಹಾಗೆಯೇ. ಅದು ರಕ್ತವಲ್ಲ, ಔಷಧದ ಬಣ್ಣ. ಜೊತೆಗೆ ಕೊಡುವ ಇನ್ನೊಂದು ಔಷಧ ಮೂತ್ರಕೋಶಕ್ಕೆ ಉರಿ ತರಬಹುದು. ಅದಕ್ಕೆ ನೀರು ಚೆನ್ನಾಗಿ ಕುಡಿಯಬೇಕು, ಎಷ್ಟು ಎಂದು ವೈದ್ಯರನ್ನೇ ಕೇಳಿ. ಔಷಧದ ಅಂಶ ಎರಡು ದಿನ ಮೈಯಿಂದ ಹೊರಗೆ ಹೋಗುತ್ತಿರುತ್ತದೆ. ಆಗ ಶೌಚಾಲಯಕ್ಕೆ ಎರಡು ಸಲ ನೀರು ಹಾಕಿ, ಹೊಲಸಾದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮೊಮ್ಮಕ್ಕಳನ್ನು ಮುಟ್ಟುವುದಕ್ಕೆ, ಅಪ್ಪಿಕೊಳ್ಳುವುದಕ್ಕೆ ಯಾವ ಭಯವೂ ಬೇಡ. ಈ ಕಾಯಿಲೆ ಅಂಟುವುದಿಲ್ಲ.

ಈಗ ಊಟ. ಹತ್ತರಲ್ಲಿ ಎಂಟು ಜನ ಕೇಳುವುದು ಅದನ್ನೇ.

ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ, ಎಣ್ಣೆಗಾಯಿ, ಪಕ್ಕದಲ್ಲಿ ಹಸಿ ಮೆಂತ್ಯ, ಹಕ್ಕರಿಕೆ ಸೊಪ್ಪು, ಉಳ್ಳಾಗಡ್ಡಿ. ನಮ್ಮ ತಾಟು ಇದು. ಕಿಮೋದ ಬಾಯಿಗೆ ಇದರಲ್ಲಿ ಒಂದೂ ಹೊಂದುವುದಿಲ್ಲ. ಕಟಕ್ ರೊಟ್ಟಿಯ ಅಂಚು ಹುಣ್ಣಿಗೆ ಗಾಜಿನಂತೆ ತಾಕುತ್ತದೆ. ಖಾರ ಬೆಂಕಿ. ಹಸಿ ಸೊಪ್ಪಿನ ಮಣ್ಣಿನಲ್ಲಿರುವ ಸೂಕ್ಷ್ಮಜೀವಿ ರಕ್ತಕಣ ಇಳಿದ ದಿನಗಳಲ್ಲಿ ಅಪಾಯ. ಆ ದಿನಗಳಲ್ಲಿ ಬೇಯಿಸಿದ್ದನ್ನಷ್ಟೇ ತಿಂದೆ, ಹಣ್ಣಾದರೆ ಬಾಳೆಯಂತೆ ಸಿಪ್ಪೆ ಸುಲಿದು ತಿನ್ನುವಂಥದ್ದು.

ಹಾಗೆಂದು ಜೋಳ ಬಿಡಬೇಕಾಗಿಲ್ಲ. ಜೋಳದ ನುಚ್ಚು ನನ್ನನ್ನು ಉಳಿಸಿತು. ಮೆತ್ತಗೆ ಕುದಿಸಿ ಆರಿಸಿ, ಮನೆಯಲ್ಲೇ ಹೆಪ್ಪು ಹಾಕಿದ ಮೊಸರಿನ ಮಜ್ಜಿಗೆ ಕಲಸಿ ಚಮಚದಲ್ಲಿ. ಸಂಗಟಿಯೂ ಆಗುತ್ತದೆ. ರೊಟ್ಟಿಯೇ ಬೇಕೆನಿಸಿದ ದಿನ ಬಿಸಿ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ. ಬಲಕ್ಕೆ ಹೆಸರುಬೇಳೆಯ ಕಿಚಡಿಗೆ ಒಂದು ಚಮಚ ತುಪ್ಪ, ತಿನ್ನುವವರಿಗೆ ಪೂರ್ತಿ ಬೆಂದ ಮೊಟ್ಟೆ, ತೂಕ ಇಳಿಯುತ್ತಿದ್ದರೆ ಬಿಸಿ ಹಾಲಿನಲ್ಲಿ ನೆನೆದ ಮಾದಲಿ. ಮೂರು ಹೊತ್ತಿನ ತುಂಬು ತಾಟು ಇಟ್ಟರೆ ನೋಡಿಯೇ ಹೊಟ್ಟೆ ತೊಳಸುತ್ತದೆ. ಸಣ್ಣ ಬಟ್ಟಲಿನಲ್ಲಿ ದಿನಕ್ಕೆ ಆರೇಳು ಸಲ ಕೊಡಿ. ಬಿಸಿಯಲ್ಲಿ ವಾಸನೆ ಏಳುತ್ತದೆ, ಆರಿದ ಊಟದಲ್ಲಿ ಅಷ್ಟು ಏಳುವುದಿಲ್ಲ. ಸ್ಟೀಲ್ ಚಮಚ ಬಾಯಿಗಿಟ್ಟರೆ ತುಕ್ಕಿನ ರುಚಿ ಬರುತ್ತಿತ್ತು, ಪ್ಲಾಸ್ಟಿಕ್ ಚಮಚಕ್ಕೆ ಬದಲಾಯಿಸಿದೆ. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ನಮ್ಮ ಸಂತೆಗೆ ಬರುತ್ತದೆ. ಬಾಯಿ ಹುಣ್ಣಿಲ್ಲದ ದಿನ ಅದರ ಶರಬತ್ತು, ಹುಣ್ಣಿದ್ದ ದಿನ ಹೆಚ್ಚಿದ ಹೋಳನ್ನು ಮೂಸುವುದಷ್ಟೇ. ಬಸ್ಸಿನ ಪ್ರಯಾಣದಲ್ಲೂ ಆ ಹೋಳು ಕರವಸ್ತ್ರದಲ್ಲಿರುತ್ತಿತ್ತು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಒಗ್ಗರಣೆಯ ವಾಸನೆ. ಬೆಳ್ಳುಳ್ಳಿ ಎಣ್ಣೆಗೆ ಬಿದ್ದ ಕೂಡಲೇ ನಾನು ಬಚ್ಚಲಿಗೆ ಓಡುತ್ತಿದ್ದೆ. ಇದನ್ನೂ ಹೇಳಲು ನಾಚಿಕೆ. ಅಡುಗೆ ಮಾಡಿಕೊಡುವ ನಾದಿನಿಗೆ ಬೇಸರವಾದೀತೆಂದು ಸುಮ್ಮನಿದ್ದೆ. ಹೇಳಿದ ದಿನವೇ ಅವಳು ಸ್ಟವ್ ಅನ್ನು ಹಿತ್ತಲಿಗೆ ಒಯ್ದಳು. ಎರಡು ನಿಮಿಷದ ಮಾತು, ಅದಕ್ಕಾಗಿ ಒಂದು ತಿಂಗಳು ಓಡಾಡಿದ್ದೆ.

ವಾಂತಿಯ ಮಾತ್ರೆಯನ್ನು ವಾಂತಿ ಬಂದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಚೀಟಿಯಲ್ಲಿ ಬರೆದ ವೇಳೆಗೆ, ಏನೂ ಆಗದಿದ್ದರೂ, ನುಂಗಬೇಕು. ನನಗೆ ಕೊಟ್ಟ ವಾಂತಿಯ ಮಾತ್ರೆ ಒಂಡಾನ್ಸೆಟ್ರಾನ್ ಹೊಟ್ಟೆ ಕಟ್ಟುತ್ತದೆ. ನಾಲ್ಕು ದಿನ ಮಲಬದ್ಧತೆಯಿಂದ ಅತ್ತಿದ್ದೇನೆ, ನಂತರ ವೈದ್ಯೆ ಅದಕ್ಕೂ ಔಷಧ ಬರೆದುಕೊಟ್ಟರು. ಜೊತೆಗೆ ಕೊಡುವ ಸ್ಟೀರಾಯ್ಡ್ ಮಾತ್ರೆ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸುತ್ತದೆ. ಬೆಳಿಗ್ಗೆ ಊಟದ ಮೇಲೆ ತೆಗೆದುಕೊಳ್ಳಬಹುದೇ ಎಂದು ಕೇಳಿ. ಸಕ್ಕರೆ ಕಾಯಿಲೆಯವರು ಅದರ ಬಗ್ಗೆ ವಿಶೇಷವಾಗಿ ಕೇಳಬೇಕು, ಸಕ್ಕರೆ ಏರುತ್ತದೆ. ಒಂದು ಔಷಧ ಹಿಡಿಸದಿದ್ದರೆ ಇನ್ನೊಂದಿದೆ. ಆದರೆ ಹಿಡಿಸಲಿಲ್ಲ ಎಂದು ನಾವು ಹೇಳದೆ ಅವರಿಗೆ ಗೊತ್ತಾಗುವುದು ಹೇಗೆ?

ಬಾಯಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗುಳಬೇಕು, ಮರುದಿನ ಹೊಸದು ಮಾಡಿಕೊಳ್ಳಬೇಕು. ಬೇವಿನ ಕಡ್ಡಿ, ಹಲ್ಲಿನ ಪುಡಿ ದೂರವಿಡಿ, ಮಕ್ಕಳ ಮೆತ್ತನೆಯ ಬ್ರಷ್ ಸಾಕು. ನೀರೂ ಇಳಿಯದಷ್ಟು ಹುಣ್ಣಾದರೆ ಅದು ಮನೆಮದ್ದಿನ ಹಂತ ಮೀರಿದ ಮಾತು, ಫೋನ್ ಮಾಡಿ.

ಕೂದಲಿನ ಬಗ್ಗೆ ಹೆಚ್ಚು ಬರೆಯಲಾರೆ. ಹದಿನೇಳನೆಯ ದಿನ ದಿಂಬಿನ ಮೇಲೆ ಗೊಂಚಲು ಬಂತು, ಮರುದಿನ ಪೂರ್ತಿ ತೆಗೆಸಿದೆ. ವಿಗ್ ತರಿಸಿದ್ದರು. ಬೇಸಿಗೆಯ ನಲವತ್ತು ಡಿಗ್ರಿಯಲ್ಲಿ ಅದು ತಲೆಯ ಮೇಲೆ ನಿಲ್ಲಲಿಲ್ಲ. ಅವ್ವನ ಹಳೆಯ ಇಳಕಲ್ ಸೀರೆ, ಒಗೆದೊಗೆದು ಮೆತ್ತಗಾದ ನೂಲು, ಅದನ್ನು ದರ್ಜಿ ಕತ್ತರಿಸಿ ನಾಲ್ಕು ಟೊಪ್ಪಿಗೆ ಹೊಲಿದುಕೊಟ್ಟರು. ಅದರ ಮೇಲೆ ಸೆರಗು ಹೊದ್ದರೆ ಊರಿನ ಯಾವ ಹಿರಿಯಳಿಗೂ ನನಗೂ ಭೇದ ಕಾಣುತ್ತಿರಲಿಲ್ಲ. ಅವ್ವ ಬದುಕಿದ್ದಾಗ ತಲೆಯ ಮೇಲೆ ಸೆರಗು ಹಾಕಿಕೋ ಎಂದು ನನ್ನನ್ನು ಬೈಯುತ್ತಿದ್ದಳು. ಕೊನೆಯ ಕಿಮೋ ಮುಗಿದ ಎರಡು ತಿಂಗಳಿಗೆ ಮೃದುವಾದ ಕೂದಲು ಬಂತು, ಗುಂಗುರಾಗಿ.

ಐದನೆಯ ಸುತ್ತಿನಿಂದ ಔಷಧ ಬದಲಾಯಿತು, ಪ್ಯಾಕ್ಲಿಟ್ಯಾಕ್ಸೆಲ್. ವಾಂತಿ ಕಡಿಮೆ, ಮೈಕೈ ನೋವು ಹೆಚ್ಚು. ಬೆರಳ ತುದಿ, ಅಂಗಾಲು ಜುಮುಜುಮು ಎನ್ನತೊಡಗಿದವು. ರವಿಕೆಯ ಹುಕ್ಕು ಸಿಗುತ್ತಿರಲಿಲ್ಲ. ನಮ್ಮ ಕಡೆಯವರಿಗೆ ನಾನು ಒತ್ತಿ ಹೇಳುವುದು ಇಲ್ಲಿ: ಆ ದಿನಗಳಲ್ಲಿ ರೊಟ್ಟಿ ಬಡಿಯಬೇಡಿ. ಜೋಳದ ಹಿಟ್ಟು ಕುದಿನೀರಿನಲ್ಲಿ ನಾದಬೇಕು, ಹಂಚಿನ ಮೇಲೆ ಬರಿಗೈಯಲ್ಲಿ ಹಾಕಬೇಕು, ನೀರು ಸವರಬೇಕು. ಬೆರಳಿಗೆ ಬಿಸಿ ತಿಳಿಯದಿದ್ದರೆ ಸುಟ್ಟ ಮೇಲೆಯೇ ಗೊತ್ತಾಗುತ್ತದೆ. ನನ್ನ ಎಡಗೈಯ ಮೂರು ಬೆರಳಿಗೆ ಹಾಗೆ ಬೊಬ್ಬೆ ಎದ್ದಿತ್ತು. ಹೊಲದಲ್ಲಿ, ಅಂಗಳದಲ್ಲಿ ಬರಿಗಾಲಿನಲ್ಲಿ ನಡೆಯಬೇಡಿ, ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ. ಜುಮುಜುಮು ಹೆಚ್ಚುತ್ತಿದ್ದರೆ ಮುಂದಿನ ಸುತ್ತಿನ ಮೊದಲೇ ಹೇಳಬೇಕು. ನನಗೆ ಕೊನೆಯ ಎರಡರಲ್ಲಿ ಪ್ರಮಾಣ ಇಳಿಸಿದರು. ಕೈಯ ಸ್ಪರ್ಶ ಬಹುಪಾಲು ಮರಳಿದೆ, ಕಾಲಿನ ಹೆಬ್ಬೆರಳು ಇನ್ನೂ ಸ್ವಲ್ಪ ಮರಗಟ್ಟಿದಂತಿದೆ.

ಇದೆಲ್ಲ ನನಗೆ ಕೊಟ್ಟ ಔಷಧಗಳ ಮಾತು. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್‌ನಲ್ಲಿ ತಣ್ಣೀರು ಮುಟ್ಟಿದರೆ ಬೆರಳು ಶಾಕ್ ಹೊಡೆದಂತಾಗುತ್ತದೆ, ಗಂಟಲು ಹಿಡಿಯುತ್ತದೆ. ನನಗೆ ಅಮೃತವಾಗಿದ್ದ ತಣ್ಣನೆಯ ಮಜ್ಜಿಗೆ ಅವರಿಗೆ ಆಗುವುದಿಲ್ಲ. ನಿಮ್ಮ ಔಷಧದ ಹೆಸರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ದಣಿವಿಗೆ ಮಾತ್ರ ನನಗೆ ಮಾತ್ರೆ ಸಿಗಲಿಲ್ಲ. ಅದು ಕೆಲಸ ಮಾಡಿ ಬರುವ ದಣಿವಿನಂತಲ್ಲ, ಮಲಗಿ ಎದ್ದರೂ ಹೋಗುವುದಿಲ್ಲ. ಬಿಸಿಲೇರುವ ಮೊದಲು ಬೇವಿನ ಮರಗಳ ಕೆಳಗೆ ಹತ್ತು ನಿಮಿಷ ನಡೆದ ದಿನ ಅದು ಸ್ವಲ್ಪ ಹಗುರ, ಪೂರ್ತಿ ಮಲಗಿದ ದಿನ ಇನ್ನೂ ಭಾರ. ಮಾತನಾಡಿಸಲು ಬರುವವರ ಮುಂದೆ ಎದ್ದು ಕೂತು ನಗುವುದು ನಡಿಗೆಗಿಂತ ಹೆಚ್ಚು ದಣಿಸುತ್ತಿತ್ತು. ದಯವಿಟ್ಟು ಫೋನ್ ಮಾಡಿ ಕೇಳಿ ಹೋಗಿ, ಹದಿನೈದು ನಿಮಿಷಕ್ಕೆ ಏಳಿ. ಬರುವವರು ತರುವ ಕಷಾಯ, ಬೇರು, ಪುಡಿ ಯಾವುದನ್ನೂ ವೈದ್ಯರಿಗೆ ತೋರಿಸದೆ ಕುಡಿಯಬೇಡಿ. ಅಮೃತಬಳ್ಳಿಯಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳಿವೆ, ಕಿಮೋದಲ್ಲಿ ಯಕೃತ್ತಿಗೆ ಮೊದಲೇ ಸಾಕಷ್ಟು ಕೆಲಸವಿರುತ್ತದೆ. ಪ್ರೀತಿಯಿಂದ ತಂದಿರುತ್ತಾರೆ, ಬೇಡ ಎನ್ನುವುದು ಕಷ್ಟ. ನಾನು ತೆಗೆದುಕೊಂಡು ಕಪಾಟಿನಲ್ಲಿಟ್ಟೆ.

ಹೋದ ವಾರ ಮುಧೋಳದಿಂದ ಒಬ್ಬರು ಫೋನ್ ಮಾಡಿದ್ದರು. ಹೆಂಡತಿಗೆ ಎರಡನೆಯ ಕಿಮೋ ಆಗಿ ಎಂಟು ದಿನ. “ಅವಳಿಗೆ ಏನೂ ತೊಂದರೆಯಿಲ್ಲ ಟೀಚರ್, ಬಹಳ ಗಟ್ಟಿ” ಎಂದರು. ಫೋನ್ ಅವರ ಕೈಗೆ ಕೊಡಿ ಎಂದೆ. ಊಟ ಆಯಿತೇ ಎಂದು ಕೇಳಿದೆ, ಆಯಿತು ಎಂದರು. ಏನು ಉಂಡಿರಿ ಎಂದೆ. ಸ್ವಲ್ಪ ತಡೆದು, ಎರಡು ದಿನದಿಂದ ಬರೀ ಹಾಲು ಎಂದರು. ಬಾಯಿ ತೆರೆಯಲು ಆಗುತ್ತದೆಯೇ ಎಂದೆ. ಆ ಕಡೆ ಅಳು ಕೇಳಿಸಿತು. ನಾನು ಸುಮ್ಮನೆ ಕಾದೆ. ಆಮೇಲೆ ಅವರೇ ನಿಧಾನವಾಗಿ ಒಂದೊಂದಾಗಿ ಹೇಳಿದರು. ನಾನು ಬರೆದುಕೊಂಡು, ತಿರುಗಿ ಓದಿ ತೋರಿಸಿ, ಇದನ್ನೇ ಈಗ ಆಸ್ಪತ್ರೆಯ ನರ್ಸ್‌ಗೆ ಫೋನ್ ಮಾಡಿ ಹೇಳಿ ಎಂದೆ. ಅರ್ಧ ಗಂಟೆಯ ಮೇಲೆ ಮತ್ತೆ ಫೋನ್ ಬಂತು: ಬಾಯಿಗೆ ಹಚ್ಚುವ ಔಷಧದ ಹೆಸರು ಹೇಳಿದ್ದಾರೆ, ನಾಳೆ ರಕ್ತ ಪರೀಕ್ಷೆಗೆ ಬರಲು ತಿಳಿಸಿದ್ದಾರೆ, ನುಚ್ಚು ಎಷ್ಟು ಹೊತ್ತು ಕುದಿಸಬೇಕು?