ದಿನವೂ ಕೋಳಿಯ ಬಗ್ಗೆ ಮಾತನಾಡಲು ಅಷ್ಟೊಂದು ಏನಿರುತ್ತದೆ?

ಸಂಜೆ, ಕೋಳಿಗಳು ಗೂಡು ಸೇರುವ ಹೊತ್ತಿಗೆ ನನಗೆ ಯಾರಾದರೊಬ್ಬರ ಫೋನ್ ಬರುತ್ತದೆ. ಬರದಿದ್ದರೆ ನಾನೇ ಮಾಡುತ್ತೇನೆ. ಹಿತ್ತಲಲ್ಲಿ ಐದೋ ಹತ್ತೋ ಕೋಳಿ ಇಟ್ಟುಕೊಂಡು, ಇಲ್ಲವೇ ಹಿಂದೆ ಸಾಕಿ, ಹೀಗೆ ಮಾತನಾಡುವವರು ನಾವು ಐದು ಜನರಿದ್ದೇವೆ. ಯಾವುದು ಮೊದಲು ಒಳಗೆ ಹೋಯಿತು, ಯಾವುದು ಬೇಲಿಯ ಬಳಿ ಹಿಂದುಳಿಯಿತು, ಯಾವುದರ ಜುಟ್ಟು ಏಕೋ ಬಿಳಿಚಿಕೊಂಡಿದೆ, ಮಧ್ಯಾಹ್ನದ ಮಳೆಯಲ್ಲಿ ಯಾವುದು ನೆನೆಯುತ್ತಲೇ ಹುಳು ಕೆದಕುತ್ತಿತ್ತು, ಹೀಗೆ ಮಾತು ಸಾಗುತ್ತದೆ. ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡವರು ಫೋನ್ ಕೆಳಗಿಟ್ಟ ಕೂಡಲೇ ಕೇಳುತ್ತಾರೆ: "ದಿನವೂ ಕೋಳಿಯ ಬಗ್ಗೆ ಮಾತನಾಡಲು ಅಷ್ಟೊಂದು ಏನಿರುತ್ತದೆ?" ನೆಂಟರು ಕೇಳಿದ್ದಾರೆ, ಜೊತೆಯಲ್ಲಿ ಕೆಲಸ ಮಾಡುವವರು ಕೇಳಿದ್ದಾರೆ, ಮನೆಗೆ ಬಂದ ಹೊಸಬರೂ ಕೇಳಿದ್ದಾರೆ. ನಿಂತಲ್ಲೇ ಕೊಡುವ ಉತ್ತರ ನನಗೆ ಯಾವತ್ತೂ ಸಾಲದು ಅನ್ನಿಸುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕೋಳಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ನಮ್ಮ ಮಾತೆಲ್ಲ ಹುಟ್ಟುವುದು ಅಲ್ಲಿಂದ. ಹಿಂಡಿನಲ್ಲಿ ನಿತ್ರಾಣವಾದದ್ದನ್ನು ಉಳಿದವು ಕುಕ್ಕಿ ಓಡಿಸುತ್ತವೆ, ಬೇಟೆಯಾಡುವ ಪ್ರಾಣಿಯ ಕಣ್ಣು ಮೊದಲು ಬೀಳುವುದೂ ಅದರ ಮೇಲೆಯೇ. ಹಾಗಾಗಿ ಮೈ ಸರಿಯಿಲ್ಲದ ಕೋಳಿಯೂ ಉಳಿದವುಗಳ ಜೊತೆಗೆ ನೆಲ ಕೆದಕುತ್ತದೆ. ಕಾಳನ್ನು ಕೊಕ್ಕಿನಲ್ಲಿ ಎತ್ತುತ್ತದೆ, ನುಂಗದೆ ಕೆಳಗೆ ಬಿಡುತ್ತದೆ. ದೂರದಿಂದ ನೋಡಿದವರಿಗೆ ಅದು ಮೇಯುತ್ತಿದೆ ಎಂದೇ ಕಾಣುತ್ತದೆ. ಗರಿ ಉಬ್ಬಿಸಿಕೊಂಡು, ಕತ್ತು ಒಳಗೆಳೆದುಕೊಂಡು, ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿ ನಿಲ್ಲುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ. ಅದಕ್ಕೂ ಎರಡು ದಿನ ಮೊದಲು ಏನೋ ಒಂದು ಸಣ್ಣದು ಬದಲಾಗಿರುತ್ತದೆ. ಆ ಸಣ್ಣದನ್ನು ಗುರುತಿಸಬೇಕಾದರೆ ನಿನ್ನೆ ಹೇಗಿತ್ತು ಎಂಬುದು ನೆನಪಿರಬೇಕು. ಹತ್ತು ಕೋಳಿಗಳ ನಿನ್ನೆಯನ್ನು ಒಬ್ಬರೇ ತಲೆಯಲ್ಲಿಟ್ಟುಕೊಳ್ಳುವುದು ಕಷ್ಟ. ಇನ್ನೊಬ್ಬರಿಗೆ ಹೇಳಿದರೆ ಅದು ಎರಡು ತಲೆಗಳಲ್ಲಿ ಉಳಿಯುತ್ತದೆ.

ನನ್ನ ಬಳಿ ಬೂದಿ ಎಂಬ ಹೇಂಟೆ ಇದೆ. ಹೋದ ವರ್ಷ ಒಂದು ವಾರ ಬಿಡದೆ ಮಳೆ ಹಿಡಿದಿತ್ತು. ಒಂದು ಸಂಜೆ ಮಾತಿನ ನಡುವೆ, ಬೂದಿ ಕೆಳಗಿನ ಕೋಲಿನ ಮೇಲೆ ಕುಳಿತಿದೆ ಎಂದೆ. ಆ ಕಡೆಯಿಂದ ಗೆಳೆಯರು ತಕ್ಷಣ ಕೇಳಿದರು: "ಅದು ಯಾವಾಗಲೂ ಮೇಲಿನ ಕೋಲಿನಲ್ಲಿ, ಹುಂಜದ ಪಕ್ಕ ಕೂರುತ್ತದೆ ಎನ್ನುತ್ತಿದ್ದಿರಲ್ಲ?" ಹೌದು, ಕೂರುತ್ತಿತ್ತು. ನಾನು ನೋಡಿದ್ದೆ, ಆದರೆ ನನಗೆ ಹೊಳೆದಿರಲಿಲ್ಲ. ಟಾರ್ಚ್ ಹಿಡಿದು ಹೋಗಿ ಬೂದಿಯನ್ನು ಎತ್ತಿಕೊಂಡೆ. ಕತ್ತಲಲ್ಲಿ ಕೋಳಿಗೆ ಅಷ್ಟಾಗಿ ಕಣ್ಣು ಕಾಣುವುದಿಲ್ಲ, ರಾತ್ರಿ ಎತ್ತಿಕೊಂಡರೆ ಕಿರುಚದೆ ತೋಳಿನಲ್ಲಿ ಸುಮ್ಮನೆ ಕೂರುತ್ತದೆ. ಎಡಗಾಲಿನ ಅಂಗಾಲು ಬಿಸಿಯಾಗಿತ್ತು, ಊದಿತ್ತು, ನಡುವೆ ಕಾಳಿನಷ್ಟು ದೊಡ್ಡ ಕಪ್ಪು ಹೆಕ್ಕಳೆ ಇತ್ತು. ಎತ್ತರದಿಂದ ಗಟ್ಟಿ ನೆಲಕ್ಕೆ ಪದೇ ಪದೇ ಹಾರಿದಾಗ, ಮುಳ್ಳೋ ಸಿಬಿರೋ ಚುಚ್ಚಿದಾಗ, ಒದ್ದೆ ನೆಲದ ಕೊಳೆ ಸೇರಿಕೊಂಡು ಹೀಗೆ ಕೀವಾಗುತ್ತದೆ. ಬಿಟ್ಟರೆ ಎಲುಬಿನವರೆಗೂ ಹೋಗಬಹುದು. ಮರುದಿನ ಪಶುವೈದ್ಯರು ಗಾಯ ಬಿಡಿಸಿ, ತೊಳೆದು, ಪಟ್ಟಿ ಕಟ್ಟಿದರು. ಬೂದಿ ಉಳಿಯಿತು. ಉಳಿಸಿದ್ದು ನನ್ನ ಕಣ್ಣಲ್ಲ, ಗೆಳೆಯರ ನೆನಪು.

ಕೋಳಿ ಸಾಕಬೇಕು ಎಂದು ಯಾರಾದರೂ ಸಲಹೆ ಕೇಳಿದರೆ ಗೂಡಿನ ಅಳತೆ ಹೇಳುವುದಕ್ಕಿಂತ ಮೊದಲು ನಾನು ಇದನ್ನೇ ಹೇಳುತ್ತೇನೆ: ಕೋಳಿ ಸಾಕಿದ ಒಬ್ಬರನ್ನು ಹುಡುಕಿಕೊಳ್ಳಿ, ದಿನಕ್ಕೆ ಐದು ನಿಮಿಷ ಮಾತನಾಡಿ. ಮೊದಲ ವರ್ಷ ಗಾಬರಿಗಳು ಸಾಲುಗಟ್ಟಿ ಬರುತ್ತವೆ. ಮೊಟ್ಟೆಯ ಲೆಕ್ಕವೇ ತಪ್ಪಿಹೋಗುತ್ತದೆ. ನಿನ್ನೆ ಒಂಬತ್ತು ಗಂಟೆಗೆ ಇಟ್ಟದ್ದು ಇವತ್ತು ಹತ್ತು ದಾಟಿದರೂ ಇಟ್ಟಿಲ್ಲ, ನಾಳೆ ಹನ್ನೊಂದಾಗುತ್ತದೆ, ಕೊನೆಗೆ ಒಂದು ದಿನ ಇಡುವುದೇ ಇಲ್ಲ. ಕೋಳಿಯ ಒಡಲಲ್ಲಿ ಒಂದು ಮೊಟ್ಟೆ ಸಿದ್ಧವಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಹೊತ್ತು ದಿನವೂ ಮುಂದೆ ಸರಿದು, ಸಂಜೆಯ ಕಡೆಗೆ ಬಂದಾಗ ಒಂದು ದಿನ ಬಿಡುವು ಕೊಡುತ್ತದೆ. ಹಗಲು ಕಿರಿದಾದಂತೆ ಮೊಟ್ಟೆ ಕಡಿಮೆಯಾಗುತ್ತದೆ. ಗರಿ ಉದುರಿಸುವ ಕಾಲ ಬಂತೆಂದರೆ ಪೂರ್ತಿ ನಿಲ್ಲುವುದೂ ಉಂಟು, ಏಕೆಂದರೆ ಗರಿಯ ಬಹುಪಾಲು ಪ್ರೋಟೀನ್, ಎರಡಕ್ಕೂ ಸಾಲುವಷ್ಟು ಆ ಸಣ್ಣ ಮೈಯಲ್ಲಿ ಇರುವುದಿಲ್ಲ. ಹೊಸ ಗರಿ ಮೊಳೆಯುವಾಗ ಅದರೊಳಗೆ ರಕ್ತ ಇರುತ್ತದೆ, ಮುಟ್ಟಿದರೆ ನೋಯುತ್ತದೆ. ಮುದ್ದಿನ ಕೋಳಿ ಇದ್ದಕ್ಕಿದ್ದಂತೆ ಹತ್ತಿರ ಬರುತ್ತಿಲ್ಲ ಎಂದು ಬೇಸರಪಟ್ಟವರಿಗೆ ನಾವು ಹೇಳುವುದು ಇಷ್ಟೇ, ಕೆಲವು ವಾರ ಎತ್ತಿಕೊಳ್ಳಬೇಡಿ.

ಒಮ್ಮೆ ಹೊಸದಾಗಿ ಕೋಳಿ ತಂದ ಒಬ್ಬರು ಅಳುತ್ತಾ ಫೋನ್ ಮಾಡಿದರು. "ಒಂದು ಸತ್ತುಹೋಯಿತು, ಬಿಸಿಲಿನಲ್ಲಿ ಮಗ್ಗುಲಾಗಿ ಬಿದ್ದಿದೆ, ಒಂದು ರೆಕ್ಕೆ ಚಾಚಿಕೊಂಡಿದೆ, ಕಣ್ಣು ಅರೆತೆರೆದಿದೆ." ಹತ್ತಿರ ಹೋಗಿ ನೋಡಿ ಎಂದೆ. ಅವರು ನಾಲ್ಕು ಹೆಜ್ಜೆ ಇಟ್ಟಿರಬೇಕು, ಕೋಳಿ ಎದ್ದು ಮೈ ಕೊಡವಿ ಹೊರಟುಹೋಯಿತು. ಅದು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿತ್ತು. ಅವರ ಅಳು ಮಾತ್ರ ನಿಲ್ಲಲಿಲ್ಲ, ನನ್ನ ಗಂಟಲೂ ಕಟ್ಟಿತು. ಮಣ್ಣಿನಲ್ಲಿ ಹೊರಳುವುದನ್ನು ಮೊದಲ ಸಲ ನೋಡಿದವರೂ ಹೀಗೆಯೇ ಹೆದರುತ್ತಾರೆ. ಒಣ ಮಣ್ಣು ಸಿಕ್ಕಲ್ಲಿ ಗುಂಡಿ ತೋಡಿ, ಮಗ್ಗುಲಿಗೆ ಒರಗಿ, ಕಾಲು ಒದೆಯುತ್ತಾ ರೆಕ್ಕೆ ಬಡಿಯುತ್ತಾ ಧೂಳನ್ನು ಗರಿಯ ಬುಡದವರೆಗೆ ತುಂಬಿಕೊಳ್ಳುವಾಗ ಮೂರ್ಛೆ ಬಂದಂತೆ ತೋರುತ್ತದೆ. ಹೆಚ್ಚಾದ ಎಣ್ಣೆಯನ್ನು ಆ ಧೂಳು ಹೀರಿಕೊಳ್ಳುತ್ತದೆ, ಹೇನುಗಳ ಕಾಟವನ್ನೂ ತಗ್ಗಿಸುತ್ತದೆ. ಆಮೇಲೆ ಎದ್ದು ನಿಂತು ಒಂದೇ ಸಲ ಕೊಡವಿದರೆ ಸುತ್ತ ಒಂದು ಮೋಡ ಏಳುತ್ತದೆ. ಆ ಮೋಡದ ಮೇಲೆ ಬೆಳಗಿನ ಬಿಸಿಲು ಬೀಳುವುದನ್ನು ನೋಡಲು ನಾನು ಎಷ್ಟೋ ದಿನ ಕೆಲಸ ಬಿಟ್ಟು ನಿಂತಿದ್ದೇನೆ.

ನಮ್ಮಲ್ಲಿ ಹೆಚ್ಚು ಮಾತಾಗುವುದು ಗಿಡುಗದ ದಿನಗಳ ಬಗ್ಗೆ. ಕೋಳಿಯ ಕೂಗಿನಲ್ಲಿ ಎರಡು ಎಚ್ಚರಿಕೆಗಳಿವೆ. ನೆಲದ ಮೇಲೆ ನಾಯಿಯೋ ಬೆಕ್ಕೋ ಬಂದರೆ ಬಿಟ್ಟು ಬಿಟ್ಟು ಜೋರಾಗಿ ಕೂಗುತ್ತವೆ, ಕತ್ತೆತ್ತಿ ನಿಲ್ಲುತ್ತವೆ. ಮೇಲಿನಿಂದ ಅಪಾಯ ಬಂದರೆ ಸಣ್ಣಗೆ, ಉದ್ದಕ್ಕೆ ಎಳೆದ ಒಂದು ದನಿ, ಮರುಕ್ಷಣ ಎಲ್ಲವೂ ಪೊದೆಯ ಕೆಳಗೆ. ಒಂದು ಮಧ್ಯಾಹ್ನ ಆ ದನಿ ಕೇಳಿ ನಾನೂ ತಲೆಯೆತ್ತಿದೆ, ಆಕಾಶದಲ್ಲಿ ಏನೂ ಕಾಣಲಿಲ್ಲ. ಹುಂಜ ಮಾತ್ರ ಬಯಲಿನ ಅಂಚಿನಲ್ಲಿ ತಲೆ ವಾಲಿಸಿಕೊಂಡು ನಿಂತಿತ್ತು, ಒಂದು ಕಣ್ಣು ಮೇಲಕ್ಕೆ, ಒಂದು ಕಣ್ಣು ನೆಲಕ್ಕೆ. ಬಹಳ ಹೊತ್ತಾದ ಮೇಲೆ ಬಿಸಿಲಿನ ಕಡೆಯಿಂದ ಒಂದು ಚುಕ್ಕೆ ಜಾರಿ ಬಂತು, ಹಿತ್ತಲ ಮೇಲೆ ಒಂದು ಸುತ್ತು ಹಾಕಿ ಹೋಯಿತು. ಅದು ಹೋದ ಮೇಲೂ ಯಾವ ಕೋಳಿಯೂ ಮಿಸುಕಲಿಲ್ಲ. ಹಿತ್ತಲಲ್ಲಿ ಎಲೆ ಬೀಳುವ ಸದ್ದು ಕೇಳುವಷ್ಟು ಮೌನವಿತ್ತು. ಆ ಮೌನ ನನಗೆ ಇವತ್ತಿಗೂ ನೆನಪಿದೆ.

ಆ ವಾಲಿದ ತಲೆಯ ಬಗ್ಗೆ ಆಮೇಲೆ ಓದಿ ತಿಳಿದುಕೊಂಡ ಸಂಗತಿಯೊಂದಿದೆ. ಕೋಳಿಯ ಬಗ್ಗೆ ನನಗೆ ಗೊತ್ತಿರುವುದರಲ್ಲೆಲ್ಲ ಅತ್ಯಂತ ಸುಂದರವಾದದ್ದು ಅದು. ಆಸ್ಟ್ರೇಲಿಯದ ವಿಜ್ಞಾನಿ ಲೆಸ್ಲಿ ರೋಜರ್ಸ್ ಕೋಳಿಮರಿಗಳ ಮೇಲೆ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಕಲ್ಲಿನ ನಡುವೆ ಕಾಳನ್ನು ಹೆಕ್ಕಲು ಮರಿ ಹೆಚ್ಚಾಗಿ ಬಲಗಣ್ಣನ್ನು ನೆಚ್ಚುತ್ತದೆ, ಅಪಾಯವನ್ನು ಗಮನಿಸಲು ಎಡಗಣ್ಣನ್ನು. ಹಾಗಾಗಿ ಎರಡೂ ಕೆಲಸ ಒಟ್ಟಿಗೆ ಸಾಗುತ್ತವೆ. ಇದರ ಬೇರು ಮೊಟ್ಟೆಯೊಳಗೇ ಇದೆ. ಹೊರಬರುವ ಮುಂಚಿನ ದಿನಗಳಲ್ಲಿ ಮರಿ ಮುದುಡಿಕೊಂಡಿರುವ ರೀತಿಯಲ್ಲಿ ಎಡಗಣ್ಣು ಅದರ ಮೈಗೆ ಒತ್ತಿಕೊಂಡಿರುತ್ತದೆ, ಬಲಗಣ್ಣು ಚಿಪ್ಪಿನ ಕಡೆಗಿರುತ್ತದೆ. ಚಿಪ್ಪನ್ನು ದಾಟಿ ಬರುವ ಬೆಳಕು ಬಲಗಣ್ಣಿಗೆ ಮಾತ್ರ ಸಿಗುತ್ತದೆ, ಮಿದುಳಿನ ಎರಡು ಭಾಗಗಳು ಬೇರೆ ಬೇರೆಯಾಗಿ ಬೆಳೆಯಲು ಅದು ನೆರವಾಗುತ್ತದೆ. ಕಾವಿಗೆ ಕೂತ ತಾಯಿ ದಿನಕ್ಕೊಮ್ಮೆ ಎದ್ದು ಹೋದಾಗ ಮೊಟ್ಟೆಗಳ ಮೇಲೆ ಬೀಳುವ ಆ ಸ್ವಲ್ಪ ಬೆಳಕನ್ನು ಈಗ ನಾನು ಬೇರೆಯದೇ ಕಣ್ಣಿನಿಂದ ನೋಡುತ್ತೇನೆ.

ಹೀಗೆ ಕೋಳಿಗಳನ್ನು ನೋಡುತ್ತಾ ನಿಂತವರು ಹಿಂದೆಯೂ ಇದ್ದರು. ನಾರ್ವೆಯ ಥೋರ್ಲೀಫ್ ಶೆಲ್ಡರುಪ್-ಎಬ್ಬೆ ಬಾಲ್ಯದಿಂದಲೇ ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ ಎಂದು ಗಮನಿಸಿ ಬರೆದಿಡುತ್ತಿದ್ದರು. ಹಿಂಡಿನ ಮೇಲುಕೀಳಿನ ಸರಣಿಯನ್ನು 1920ರ ದಶಕದ ಆರಂಭದಲ್ಲಿ ಅವರು ವಿವರಿಸಿದರು. ಇಂದು ಮನುಷ್ಯರ ಕಚೇರಿಗಳ ಬಗ್ಗೆಯೂ 'ಪೆಕಿಂಗ್ ಆರ್ಡರ್', ಅಂದರೆ ಕುಕ್ಕುವ ಸರಣಿ, ಎಂಬ ಆ ಮಾತು ಬಳಕೆಯಾಗುತ್ತದೆ. ಅದರ ಮೂಲದಲ್ಲಿ ಇದ್ದದ್ದು ಕೋಳಿಗಳ ನಡುವೆ ನಿಂತ ಒಬ್ಬ ಹುಡುಗ.

ನನ್ನ ಇನ್ನೊಂದು ಹೇಂಟೆ ಕೆಂಪಿಯ ವಿಷಯ ಹೇಳದೆ ಈ ಉತ್ತರ ಮುಗಿಯದು. ನಮ್ಮ ಐವರಲ್ಲಿ ಹಿರಿಯರೊಬ್ಬರಿದ್ದಾರೆ, ನಾನು ಅಕ್ಕ ಎನ್ನುತ್ತೇನೆ. ನಲವತ್ತು ವರ್ಷ ಕೋಳಿ ಸಾಕಿ, ಈಗ ಮಗಳ ಮನೆಯಲ್ಲಿ, ಮೂರನೆಯ ಮಹಡಿಯಲ್ಲಿ ಇದ್ದಾರೆ. ಅಲ್ಲಿ ಅಂಗಳವಿಲ್ಲ, ಕೋಳಿಯೂ ಇಲ್ಲ. ಕೆಂಪಿ ಒಂದು ಸಂಜೆ ಗೂಡಿಗೆ ಬರಲಿಲ್ಲ. ರಾತ್ರಿಯೆಲ್ಲ ಹುಡುಕಿದೆ. ಗರಿಯೂ ಇಲ್ಲ, ರಕ್ತವೂ ಇಲ್ಲ. ಮೂರು ದಿನ ಕಳೆದ ಮೇಲೆ ಆಸೆ ಬಿಟ್ಟೆ. ಅಕ್ಕ ಬಿಡಲಿಲ್ಲ. "ಗರಿ ಬೀಳದೆ ಹೋದ ಹೇಂಟೆ ಎಲ್ಲೋ ಕುಳಿತಿರುತ್ತದೆ. ನೀನು ಕೋಳಿಯನ್ನು ಹುಡುಕಬೇಡ, ಹಿಕ್ಕೆಯನ್ನು ಹುಡುಕು" ಎಂದರು. ಕಾವಿಗೆ ಕೂತ ಕೋಳಿ ಗೂಡನ್ನು ಹೊಲಸು ಮಾಡುವುದಿಲ್ಲ. ಇಡೀ ದಿನ ತಡೆದುಕೊಂಡು, ಮೇಯಲು ಎದ್ದಾಗ ಒಂದೇ ಸಲ ದೊಡ್ಡದಾಗಿ, ಮೂಗು ಮುಚ್ಚಿಕೊಳ್ಳುವಂಥ ನಾತದ ಹಿಕ್ಕೆ ಹಾಕುತ್ತದೆ. ಮರುದಿನ ಅದು ಬೇಲಿಯ ಬದಿಯಲ್ಲಿ ಸಿಕ್ಕಿತು. ಮಧ್ಯಾಹ್ನ ಅಲ್ಲೇ ಅಲುಗಾಡದೆ ಕುಳಿತೆ. ಕೆಂಪಿ ಹಲಗೆಗಳ ರಾಶಿಯ ಹಿಂದಿನಿಂದ ಬಂತು, ಆತುರದಲ್ಲಿ ಮೇಯಿತು, ನೀರು ಕುಡಿಯಿತು, ಧೂಳಿನಲ್ಲಿ ಹೊರಳಿತು, ಇಪ್ಪತ್ತು ನಿಮಿಷದೊಳಗೆ ಮತ್ತೆ ರಾಶಿಯೊಳಗೆ ನುಸುಳಿತು. ಅದರ ಅಡಿಯಲ್ಲಿ ಹನ್ನೊಂದು ಮೊಟ್ಟೆಗಳಿದ್ದವು.

ಅಲ್ಲಿಂದ ಎತ್ತಿ ಬೇರೆ ಕಡೆ ಇಟ್ಟರೆ ಕಾವು ಬಿಟ್ಟೀತು ಎಂದು ಅಕ್ಕ ಹೇಳಿದರು. ರಾಶಿಯ ಸುತ್ತ ಗಟ್ಟಿಯಾದ ಜಾಲರಿ ಕಟ್ಟಿದೆ. ಮಧ್ಯಾಹ್ನ ಸ್ವಲ್ಪ ಹೊತ್ತು ತೆರೆಯುತ್ತಿದ್ದೆ, ಸಂಜೆ ಎರಡು ಸಲ ಹೋಗಿ ನೋಡುತ್ತಿದ್ದೆ. ಮೊಟ್ಟೆಗಳಿಗೆ 21 ದಿನ ಬೇಕು. ಇಪ್ಪತ್ತನೆಯ ರಾತ್ರಿ ನಾನು ಒದ್ದೆ ನೆಲದ ಮೇಲೆ ಬೋರಲು ಮಲಗಿ ಹಲಗೆಯ ಸಂದಿಗೆ ಕಿವಿಯಿಟ್ಟೆ. ಒಳಗಿನಿಂದ, ಇನ್ನೂ ಒಡೆಯದ ಚಿಪ್ಪುಗಳೊಳಗಿನಿಂದ, ಚಿಂವ್ ಎಂಬ ಸಣ್ಣ ದನಿ. ಅದಕ್ಕೆ ಕೆಂಪಿಯ ತಗ್ಗಿದ ಕೊಕ್ ಕೊಕ್. ಮರಿ ಮತ್ತೆ ಕರೆಯಿತು, ತಾಯಿ ಮತ್ತೆ ಓಗೊಟ್ಟಿತು. ಹುಟ್ಟುವ ಮೊದಲೇ ಮಾತು ಶುರುವಾಗಿತ್ತು. ಅಕ್ಕನಿಗೆ ಫೋನ್ ಮಾಡಿ, ಏನೂ ಹೇಳದೆ ಫೋನನ್ನು ಸಂದಿಗೆ ಹಿಡಿದೆ. ಎಷ್ಟು ಹೊತ್ತು ಹಿಡಿದಿದ್ದೆನೋ ತಿಳಿಯದು. ಕಿವಿಗೆ ತಂದುಕೊಂಡಾಗ ಆ ಕಡೆ ಅಕ್ಕ ಉಸಿರು ಬಿಗಿಹಿಡಿದು ಕೇಳುತ್ತಿದ್ದುದು ಗೊತ್ತಾಯಿತು. "ನಮ್ಮ ಹಳೆಯ ಮನೆಯ ಹಿಂದೆ ಕಲ್ಲಿನ ಗೋಡೆ ಇತ್ತು, ಅದರ ಬುಡದಲ್ಲಿ ಕೇಳಿದ್ದೆ" ಎಂದರು. ಆ ರಾತ್ರಿ ಅವರು ಆ ಗೋಡೆಯ ಬಗ್ಗೆ, ಅದರ ಮೇಲೆ ಹಬ್ಬಿದ ಬಳ್ಳಿಯ ಬಗ್ಗೆ, ಅಲ್ಲಿ ಮರಿ ಮಾಡಿದ ಕರಿ ಹೇಂಟೆಯ ಬಗ್ಗೆ ಹೇಳಿದ್ದು ಎಲ್ಲವೂ ನನ್ನ ಬಳಿ ಇದೆ. ಅಷ್ಟು ವರ್ಷ ಅವರ ಮಾತು ಕೇಳಿದ್ದರೂ ಆ ಗೋಡೆ ಅಲ್ಲಿಯವರೆಗೆ ಬಂದಿರಲಿಲ್ಲ.

ಒಂಬತ್ತು ಮರಿಗಳು ಹೊರಬಂದವು. ಎರಡು ಮೊಟ್ಟೆ ಒಡೆಯಲಿಲ್ಲ. ಆರು ಮರಿಗಳನ್ನು ಗೆಳೆಯರು ಕೊಂಡೊಯ್ದರು, ಮೂರು ಇಲ್ಲಿಯೇ ಬೆಳೆದವು. ಕೆಂಪಿ ಈಗ ಇಲ್ಲ. ಅದರ ಮಾತು ವಾರಕ್ಕೊಮ್ಮೆಯಾದರೂ ಬರುತ್ತದೆ.

ಬೆಳಕು ಕುಂದಿದಂತೆ ಕೋಳಿಗಳ ಕಣ್ಣು ಮಂದವಾಗುತ್ತದೆ, ಆದ್ದರಿಂದ ನಮಗಿಂತ ಮೊದಲೇ ಅವು ಸಂಜೆಯನ್ನು ಅರಿಯುತ್ತವೆ. ಒಂದೊಂದಾಗಿ ಒಳಗೆ ಹೋಗುತ್ತವೆ, ಕೋಲಿನ ಮೇಲೆ ಜಾಗಕ್ಕಾಗಿ ಸ್ವಲ್ಪ ಹೊತ್ತು ತಳ್ಳಾಡುತ್ತವೆ, ಆಮೇಲೆ ಸದ್ದು ಅಡಗುತ್ತದೆ. ಆ ಹೊತ್ತಿಗೆ ಸರಿಯಾಗಿ ಅಕ್ಕನ ಕರೆ ಬರುತ್ತದೆ.

"ಎಷ್ಟು ಬಂದವು?"

"ಎಂಟೂ ಬಂದವು, ಅಕ್ಕ."

"ಬೂದಿ ಎಲ್ಲಿ ಕುಳಿತಿದೆ?"

"ಮೇಲಿನ ಕೋಲಿನಲ್ಲಿ. ಹುಂಜದ ಪಕ್ಕ."

"ಸರಿ, ಬಾಗಿಲು ಹಾಕು" ಎನ್ನುತ್ತಾರೆ. ಅಗುಳಿ ಬೀಳುವ ಸದ್ದು ಕೇಳಿಸಿದ ಮೇಲೆಯೇ ಅವರು ಫೋನ್ ಇಡುವುದು.