ಬ್ಯಾಟರಿ ನೋಡಿ ಕೊಂಡ ಬೈರಿಗೆ

ಕಳೆದ ಮಳೆಗಾಲ ಮುಗಿದು ನವರಾತ್ರಿ ಹತ್ತಿರವಾದಾಗ, ಉಡುಪಿಯ ನಮ್ಮ ಹೆಂಚಿನ ಮನೆಯ ಹಿಂಬಾಗಿಲು ವಿಜಾಗರಿ ಸಡಿಲವಾಗಿ ವಾಲಿತು. ಸ್ಕ್ರೂ ಬಿಗಿಯೋಣವೆಂದು ಅಟ್ಟದಿಂದ ಇಳಿಸಿದ ಕಾರ್ಡ್‌ಲೆಸ್ ಡ್ರಿಲ್ ಮಿಸುಕಾಡಲಿಲ್ಲ. ಚಾರ್ಜರಿಗೆ ಹಾಕಿದರೆ ಕೆಂಪು ದೀಪ ಮಿನುಗಿತೇ ಹೊರತು ಹಸಿರಿಗೆ ತಿರುಗಲಿಲ್ಲ. ಮೂರು ವರ್ಷಗಳ ಹಿಂದೆ, ತೂತು ಕೊರೆಯುವ ಬಿಟ್ಟುಗಳ ಪೆಟ್ಟಿಗೆಯ ಸಮೇತ ಅಗ್ಗಕ್ಕೆ ಸಿಗುತ್ತದೆಂದು ಆನ್‌ಲೈನಿನಲ್ಲಿ ತರಿಸಿದ್ದ ಯಂತ್ರವದು. ಅದರ ಬ್ಯಾಟರಿಗಾಗಿ ಮಂಗಳೂರಿನ ಬಂದರಿನ ಹಾರ್ಡ್‌ವೇರ್ ಅಂಗಡಿಗಳನ್ನು ಒಂದಿಡೀ ಬೆಳಗ್ಗೆ ಸುತ್ತಿದೆ. ಆ ಹೆಸರಿನ ಬ್ಯಾಟರಿ ಎಲ್ಲಿಯೂ ಇರಲಿಲ್ಲ, ಅದೇ ಕಂಪನಿಯ ಹೊಸ ಮಾದರಿಯ ಬ್ಯಾಟರಿ ನನ್ನ ಯಂತ್ರದ ಹಿಡಿಗೆ ಕೂರುವಂತಿರಲಿಲ್ಲ. ಮೋಟಾರು ಗಟ್ಟಿಯಾಗಿಯೇ ಇದ್ದ ಡ್ರಿಲ್ ಹೀಗೆ ನಿರುಪಯೋಗಿಯಾಯಿತು.

ಬ್ಯಾಟರಿಯನ್ನು ಬಿಚ್ಚಿ ನೋಡಿದ ರಿಪೇರಿಯವರು ಒಳಗಿನ ಐದು ಲಿಥಿಯಂ ಸೆಲ್‌ಗಳಲ್ಲಿ ಒಂದು ಪೂರ್ತಿ ಸತ್ತಿರುವುದನ್ನು ತೋರಿಸಿದರು. ಸೆಲ್‌ಗಳು ಒಂದರ ಹಿಂದೆ ಒಂದರಂತೆ ಜೋಡಣೆಯಾಗಿರುವುದರಿಂದ ಒಂದು ಸತ್ತರೆ ಉಳಿದ ನಾಲ್ಕೂ ಕೈಕಟ್ಟಿ ಕೂರಬೇಕಾಗುತ್ತದೆ. ಇದರಲ್ಲಿ ನನ್ನ ತಪ್ಪೂ ಇದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಮೇ ತಿಂಗಳಲ್ಲಿ ಕೊನೆಯ ಹನಿಯವರೆಗೆ ಬಳಸಿದ ಬ್ಯಾಟರಿಯನ್ನು ಚಾರ್ಜು ಮಾಡದೆ ಅಟ್ಟಕ್ಕೇರಿಸಿ, ನಾಲ್ಕು ತಿಂಗಳು ಅತ್ತ ತಿರುಗಿಯೂ ನೋಡಿರಲಿಲ್ಲ. ಲಿಥಿಯಂ ಸೆಲ್ ಸುಮ್ಮನಿದ್ದರೂ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ, ಸುಮಾರು 2.5 ವೋಲ್ಟಿಗಿಂತ ಕೆಳಗೆ ಹೋಗಿ ಅಲ್ಲೇ ಉಳಿದರೆ ಹಾಳಾಗುತ್ತದೆ, ಅಂತಹ ಬ್ಯಾಟರಿಯನ್ನು ಚಾರ್ಜರು ಸುರಕ್ಷತೆಯ ದೃಷ್ಟಿಯಿಂದ ಮುಟ್ಟಲು ಒಪ್ಪುವುದಿಲ್ಲ.

ಆದ್ದರಿಂದ ಎರಡನೆಯ ಸಲ ಕೊಳ್ಳುವಾಗ ಜಾಹೀರಾತು ಓದುವುದನ್ನು ಬಿಟ್ಟು, ಈ ಯಂತ್ರದಿಂದಲೇ ಅನ್ನ ಸಂಪಾದಿಸುವವರನ್ನು ಕೇಳಿದೆ. ನಮ್ಮ ಮರದ ಕೆಲಸದ ಆಚಾರ್ಯರು, ಅಲ್ಯುಮಿನಿಯಂ ಕಿಟಕಿ ಮಾಡುವವರು, ಏಸಿ ಕೂರಿಸುವ ಹುಡುಗ, ಈ ಮೂವರ ಚೀಲಗಳಲ್ಲಿಯೂ ಇದ್ದದ್ದು ಬಾಷ್, ಮಕಿಟಾ ಮತ್ತು ಡಿವಾಲ್ಟ್ ಯಂತ್ರಗಳೇ. ಯಾವುದು ಉತ್ತಮವೆಂಬ ವಿಷಯದಲ್ಲಿ ಮೂವರಿಗೂ ಒಮ್ಮತವಿರಲಿಲ್ಲ, ಆದರೆ ಆಚಾರ್ಯರು ಹೇಳಿದ ಮಾತೊಂದು ನನಗೆ ಸಾಕಾಯಿತು: "ಯಂತ್ರದ ರೇಟು ಮತ್ತೆ ಕೇಳಿ ಮಾರಾಯ್ರೇ, ಮೊದಲು ಬರೀ ಬ್ಯಾಟರಿಗೆ ಎಷ್ಟು, ಇಲ್ಲಿ ಸಿಗ್ತದಾ ಅಂತ ಕೇಳಿ." ಬಿಡಿ ಬ್ಯಾಟರಿಯನ್ನು ಕಪಾಟಿನಿಂದ ತೆಗೆದು ಕೈಗೆ ಕೊಡಬಲ್ಲ ಅಂಗಡಿ ಮತ್ತು ಬಸ್ಸಿನಲ್ಲಿ ಒಂದೇ ದಿನ ಹೋಗಿ ಬರಬಹುದಾದ ಸರ್ವಿಸ್ ಸೆಂಟರ್ ಯಾವ ಬ್ರ್ಯಾಂಡಿಗೆ ಇದೆಯೋ, ನನ್ನ ಪಾಲಿಗೆ ಅದೇ ಭರವಸೆಯ ಬ್ರ್ಯಾಂಡ್ ಎಂದು ತೀರ್ಮಾನಿಸಿದೆ.

ವೋಲ್ಟಿನ ಲೆಕ್ಕದಲ್ಲಿ ಗ್ರಾಹಕರು ಮೋಸಹೋಗುವುದೇ ಹೆಚ್ಚು. ಒಂದು ಸೆಲ್ಲಿನ ಸರಾಸರಿ ಬಲ 3.6 ವೋಲ್ಟ್, ಪೂರ್ತಿ ತುಂಬಿದಾಗ 4.2. ಐದು ಸೆಲ್ ಸೇರಿದರೆ 18 ವೋಲ್ಟ್. ಅದನ್ನೇ ತುಂಬಿದ ಹೊತ್ತಿನ ಲೆಕ್ಕ ಹಿಡಿದು 20 ಎಂದೋ 21 ಎಂದೋ ಬರೆಯುತ್ತಾರೆ. ಮಕಿಟಾದ 18 ಮತ್ತು ಡಿವಾಲ್ಟಿನ 20 ಒಂದೇ ದರ್ಜೆಯವು. ಅದೇ ರೀತಿ 12 ವೋಲ್ಟಿನದ್ದರಲ್ಲಿ ಮೂರು ಸೆಲ್‌ಗಳಿದ್ದು ನಿಜವಾದ ಲೆಕ್ಕ 10.8. ಹೆಸರಾಂತ ಯಂತ್ರಗಳ ಬಣ್ಣ ಮತ್ತು ಆಕಾರವನ್ನು ನಕಲು ಮಾಡಿ, ಮೇಲೆ 48 ವಿಎಫ್, 88 ವಿಎಫ್ ಎಂದು ಅಚ್ಚು ಹಾಕಿಸಿಕೊಂಡು ಬರುವವುಗಳ ಬಗ್ಗೆ ನಾನು ಹೇಳುವುದು ಇಷ್ಟೇ: ವಿಎಫ್ ಎಂಬ ಅಳತೆಯೊಂದು ಪಠ್ಯಪುಸ್ತಕದಲ್ಲಿಲ್ಲ. ಬ್ಯಾಟರಿಯ ಮೇಲೆ ಐಎಸ್ 16046 ಎಂಬ ಭಾರತೀಯ ಮಾನಕದ ಗುರುತು ಇದೆಯೇ ಎಂದು ನೋಡುವುದು ಹೆಚ್ಚು ಉಪಯುಕ್ತ. ಒಂದೇ ಕಂಪನಿಯದ್ದಾದರೂ ಎಲ್ಲ ಬ್ಯಾಟರಿಗಳು ಎಲ್ಲ ಯಂತ್ರಗಳಿಗೆ ಹೊಂದುವುದಿಲ್ಲ. ಬಾಷ್‌ನ ಹಸಿರು ಬಣ್ಣದ 18 ವೋಲ್ಟಿನ ಮನೆಬಳಕೆಯ ಯಂತ್ರದ ಬ್ಯಾಟರಿ ಅಷ್ಟೇ ವೋಲ್ಟಿನ ನೀಲಿ ಬಣ್ಣದ ವೃತ್ತಿಪರ ಯಂತ್ರಕ್ಕೆ ಕೂರುವುದಿಲ್ಲ, ಮಕಿಟಾದ 12 ವೋಲ್ಟಿನದ್ದು ಅದರದೇ 18ಕ್ಕೆ ಆಗುವುದಿಲ್ಲ.

ಕೊನೆಗೆ ನಾನು ಕೊಂಡದ್ದು ಬಾಷ್‌ನ ನೀಲಿ ಬಣ್ಣದ 12 ವೋಲ್ಟಿನ ಜಿಎಸ್‌ಬಿ 120-ಎಲ್‌ಐ. ಇದರ ಗರಿಷ್ಠ ತಿರುಚುಬಲ (ಟಾರ್ಕ್) 30 ನ್ಯೂಟನ್ ಮೀಟರ್, ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ 10 ಮಿಲಿಮೀಟರಿನದ್ದು. ಇದಕ್ಕಿಂತ ಬಲವಾದ 18 ವೋಲ್ಟಿನದ್ದನ್ನು ಅಂಗಡಿಯವರು ಒತ್ತಾಯಿಸಿದರೂ ನಾನು ಒಪ್ಪದಿರಲು ನಮ್ಮ ಗೋಡೆಗಳೇ ಕಾರಣ. ಕರಾವಳಿಯ ಕೆಂಪು ಕಲ್ಲಿನ ಗೋಡೆಗೆ ಹ್ಯಾಮರ್, ಅಂದರೆ ತಿರುಗುತ್ತಲೇ ಬಡಿಯುವ ಕ್ರಮ, ಹಾಕಿದರೆ ಕಲ್ಲು ಪುಡಿಯುದುರಿ ತೂತು ಬೇಕಾದದ್ದಕ್ಕಿಂತ ದೊಡ್ಡದಾಗುತ್ತದೆ, ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಗ್ಗು ನಿಲ್ಲುವುದಿಲ್ಲ. ಸಿಮೆಂಟಿನ ಗಾರೆ ದಾಟಿದ ಕೂಡಲೇ ಹ್ಯಾಮರ್ ನಿಲ್ಲಿಸಿ ಬರೀ ತಿರುಗಿಸಿ ಕೊರೆಯುವುದೇ ಸರಿ. ಹಳೆಯ ಹಲಸಿನ ದಾರಂದಕ್ಕೂ ಮೊದಲು ಸಣ್ಣ ಬಿಟ್ಟಿನಲ್ಲಿ ದಾರಿ ಮಾಡಿಕೊಂಡರೆ ಈ ಚಿಕ್ಕ ಯಂತ್ರ ಸ್ಕ್ರೂವನ್ನು ತಲೆಯವರೆಗೆ ಇಳಿಸುತ್ತದೆ. ಏಣಿಯ ಮೇಲೆ ಒಂದು ಕೈಯಲ್ಲಿ ರೀಪು ಹಿಡಿದು ಮತ್ತೊಂದರಲ್ಲಿ ಕೊರೆಯುವಾಗ ತೂಕ ಕಡಿಮೆಯಿದ್ದಷ್ಟು ಪ್ರಾಣಕ್ಕೆ ಹಿತ.

ಈಗ ಎರಡು ಬ್ಯಾಟರಿಗಳ ಮೇಲೂ ಕೊಂಡ ತಿಂಗಳನ್ನು ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಅವನ್ನು ಅರ್ಧದಷ್ಟು ಚಾರ್ಜು ಮಾಡಿ, ಯಂತ್ರದಿಂದ ಬೇರ್ಪಡಿಸಿ, ಅಟ್ಟದ ಬದಲು ಒಳಕೋಣೆಯ ಕಪಾಟಿನಲ್ಲಿ ಇಡುವುದೆಂದು ನಿಶ್ಚಯಿಸಿದ್ದೇನೆ. ಉಪ್ಪುಗಾಳಿಗೆ ಬಿಟ್ಟುಗಳು ತುಕ್ಕು ಹಿಡಿಯದಿರಲು ಮೆಷಿನ್ ಎಣ್ಣೆಯ ಬಟ್ಟೆಯಲ್ಲಿ ಒರೆಸಿಡಬೇಕು; ಮನೆಯಲ್ಲಿ ಧಾರಾಳವಾಗಿದೆಯೆಂದು ತೆಂಗಿನೆಣ್ಣೆ ಹಚ್ಚಿದರೆ ಕೆಲವೇ ತಿಂಗಳಲ್ಲಿ ಅಂಟಂಟಾಗುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ. ಹಿಂಬಾಗಿಲು ಈಗ ನೆಟ್ಟಗೆ ಮುಚ್ಚುತ್ತದೆ. ಹೊಸ ಕೋಣೆಯ ಕಿಟಕಿಯ ಪರದೆಯ ಸರಳು ಮಾತ್ರ ಇನ್ನೂ ಮೂಲೆಯಲ್ಲಿಯೇ ನಿಂತಿದೆ, ಏಕೆಂದರೆ ಅಲ್ಲಿ ಕಿಟಕಿಯ ಮೇಲಿರುವುದು ಕಾಂಕ್ರೀಟಿನ ಅಡ್ಡತೊಲೆ, ಅಂದರೆ ಲಿಂಟಲ್. ಅದಕ್ಕೆ ಏಸಿ ಕೂರಿಸುವ ಹುಡುಗ ತನ್ನ ವಯರಿನ ಹ್ಯಾಮರ್ ಯಂತ್ರದೊಂದಿಗೆ ಭಾನುವಾರ ಬರುತ್ತೇನೆಂದಿದ್ದಾನೆ.