ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೊರಟ ದಂಪತಿಗೆ

ಕಾವೇರಿ ನದಿಯಾಗಿ ಹರಿದದ್ದು ಗಂಡ ಮಾತು ತಪ್ಪಿದ್ದಕ್ಕೆ. ಕವೇರ ಮುನಿಯ ಮಗಳು ಅಗಸ್ತ್ಯರ ಕೈ ಹಿಡಿಯುವಾಗ ಕೇಳಿದ್ದು ಒಂದೇ: ನನ್ನನ್ನು ಒಬ್ಬಳನ್ನೇ ಬಿಟ್ಟು ಹೋಗಬಾರದು. ಒಂದು ದಿನ ಋಷಿಗಳು ಅವಳನ್ನು ಕಮಂಡಲುವಿನಲ್ಲಿಟ್ಟು, ಶಿಷ್ಯರನ್ನು ಕಾವಲಿಗೆ ಕೂರಿಸಿ ಸ್ನಾನಕ್ಕೆ ಹೋದರು. ಅವಳು ಉಕ್ಕಿ ಹರಿದಳು. ಶಿಷ್ಯರು ತಡೆಯಲು ಬಂದಾಗ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆದ್ದಳು. ಅಗಸ್ತ್ಯರು ಓಡೋಡಿ ಬಂದು ಬೇಡಿಕೊಂಡ ಮೇಲೆ ಒಂದು ಅಂಶ ಲೋಪಾಮುದ್ರೆಯಾಗಿ ಗಂಡನ ಜೊತೆ ಉಳಿಯಿತು, ಇನ್ನೊಂದು ಲೋಕಕ್ಕೆ ಹರಿಯಿತು. ಮದುವೆಯಾದವರು ಜೋಡಿಯಾಗಿಯೇ ತಲಕಾವೇರಿಗೆ ಹೋಗಬೇಕು ಎಂದು ಹಿರಿಯರು ಹೇಳುವಾಗ ಈ ಕಥೆ ಅವರ ಮನಸ್ಸಿನಲ್ಲಿರುತ್ತದೆ.

ಆದರೆ ಈ ಯಾತ್ರೆಯಲ್ಲಿ ಗಂಡ ಹೆಂಡತಿ ಮುನಿಸಿಕೊಂಡು ಮನೆಗೆ ಬರುವುದೂ ಅಪರೂಪವೇನಲ್ಲ. ಅದಕ್ಕೆ ಕಾರಣಗಳು ಹೆಚ್ಚುಕಡಿಮೆ ಪ್ರತಿವರ್ಷ ಅವೇ.

ಮೊದಲನೆಯದು ಹೊತ್ತಿನ ಲೆಕ್ಕ. ಸೂರ್ಯ ತುಲಾ ರಾಶಿಯನ್ನು ಪ್ರವೇಶಿಸುವ ಗಳಿಗೆಯಲ್ಲಿ ತಲಕಾವೇರಿಯ ಪುಟ್ಟ ಕುಂಡವಾದ ಬ್ರಹ್ಮಕುಂಡಿಕೆಯಲ್ಲಿ ತೀರ್ಥ ಉಕ್ಕುತ್ತದೆ ಎಂಬುದು ನಂಬಿಕೆ. ಆ ಗಳಿಗೆ ವರ್ಷದಿಂದ ವರ್ಷಕ್ಕೆ ಸುಮಾರು ಆರು ಗಂಟೆ ಮುಂದಕ್ಕೆ ಸರಿಯುತ್ತದೆ. 2022ರಲ್ಲಿ ಅಕ್ಟೋಬರ್ 17ರ ಸಂಜೆ 7.21, 2023ರಲ್ಲಿ 17ರ ನಡುರಾತ್ರಿ ಕಳೆದು (ಅಂದರೆ 18ಕ್ಕೆ) 1.27, 2024ರಲ್ಲಿ ಮತ್ತೆ 17ರ ಬೆಳಗ್ಗೆ 7.40, 2025ರಲ್ಲಿ ಮಧ್ಯಾಹ್ನ 1.44. ಈ ಲೆಕ್ಕದಲ್ಲಿ 2026ರದು ಮತ್ತೆ ಕತ್ತಲಾದ ಮೇಲೆ. ಹೋದ ವರ್ಷ ಹೋಗಿಬಂದವರ ಮಾತು ಕೇಳಿ ಹೊರಟರೆ ಅರ್ಧ ದಿನ ಕಾಯಬೇಕು, ಇಲ್ಲವೇ ತಪ್ಪಿಸಿಕೊಳ್ಳಬೇಕು. ರಾತ್ರಿಯ ಮುಹೂರ್ತವಿದ್ದರೆ ಮಡಿಕೇರಿಯಲ್ಲಿ ಕೋಣೆ ಮೊದಲೇ ಕಾದಿರಿಸಿ. ನಡುರಾತ್ರಿ ಮಂಜಿನಲ್ಲಿ ಆ ತಿರುವುಗಳನ್ನು ಇಳಿಯುವುದು ಬೇಡ.

ಎರಡನೆಯದು ಊರಿನ ಹೆಸರು. ಮೊಬೈಲ್ ನಕ್ಷೆಯಲ್ಲಿ 'ಬ್ರಹ್ಮಗಿರಿ' ಎಂದು ಹಾಕಿದರೆ ಅದು ದಕ್ಷಿಣ ಕೊಡಗಿನ ಇರ್ಪು ಜಲಪಾತದ ಕಡೆಯ ಚಾರಣದ ಬೆಟ್ಟಕ್ಕೆ ಕರೆದೊಯ್ಯಬಹುದು. ತಲಕಾವೇರಿಯ ಬ್ರಹ್ಮಗಿರಿ ಬೇರೆ, ಅದು ಕುಂಡಿಕೆಯ ಬೆನ್ನಿಗೇ ಇರುವ ಗುಡ್ಡ. ಬಲಮುರಿಯದೂ ಇದೇ ಪಾಡು. ಕಾವೇರಿಯ ರಭಸಕ್ಕೆ ಕೊಡವತಿಯರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದು ನಂಬುವ ಬಲಮುರಿ ಇರುವುದು ಕೊಡಗಿನಲ್ಲಿ. ಜನ ನೀರಾಟಕ್ಕೆ ಹೋಗುವ ಬಲಮುರಿ ಶ್ರೀರಂಗಪಟ್ಟಣದ ಹತ್ತಿರ. ಆದ್ದರಿಂದ ನಕ್ಷೆಗೆ 'ಭಾಗಮಂಡಲ' ಎಂದಷ್ಟೇ ಕೊಡಿ. ಮಡಿಕೇರಿಯಿಂದ ಅಲ್ಲಿಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಮೇಲಕ್ಕೆ ಇನ್ನೊಂದು 8. ಪೆಟ್ರೋಲನ್ನು ಮಡಿಕೇರಿಯಲ್ಲೇ ತುಂಬಿಸಿಕೊಳ್ಳಿ. ವಾಂತಿಯಾಗುವವರು ಹೊಟ್ಟೆ ತುಂಬ ತಿಂದು ಘಟ್ಟದ ದಾರಿ ಹಿಡಿಯಬಾರದು, ಹೊರಡುವ ಅರ್ಧ ಗಂಟೆ ಮೊದಲೇ ಮಾತ್ರೆ ತೆಗೆದುಕೊಳ್ಳಬೇಕು. ತಿರುವು ಶುರುವಾದ ಮೇಲೆ ನುಂಗಿದ ಮಾತ್ರೆ ಮಾತ್ರೆಯಲ್ಲ.

ಕ್ರಮ ಹೀಗೆ. ಮೊದಲು ಭಾಗಮಂಡಲ. ಕಾವೇರಿ, ಕನ್ನಿಕೆ ನದಿಗಳು ಕಣ್ಣಿಗೆ ಕಾಣುವಂತೆ ಕೂಡುವಲ್ಲಿ, ಸುಜ್ಯೋತಿ ಗುಪ್ತಗಾಮಿನಿಯಾಗಿ ಸೇರುತ್ತಾಳೆ. ಅಲ್ಲಿ ಸಂಗಮಸ್ನಾನ, ಬೇಕಿದ್ದವರಿಗೆ ಮುಡಿ, ಪಿಂಡಪ್ರದಾನ. ಆಮೇಲೆ ಭಗಂಡೇಶ್ವರನ ದರ್ಶನ ಮಾಡಿ ಬೆಟ್ಟಕ್ಕೆ ಹೋಗಬೇಕು. ಅವಸರದಲ್ಲಿ ನೇರ ಮೇಲೆ ಹೋಗಿ, ಬರುವಾಗ ಸಂಗಮ ನೋಡೋಣ ಎನ್ನುವವರಿಗೆ ಇಳಿಯುವಾಗ ವಾಹನಗಳ ಸಾಲಿನಲ್ಲಿ ಸಂಜೆಯೇ ಕಳೆದುಹೋಗುತ್ತದೆ. ಭಾಗಮಂಡಲದಲ್ಲಿ ಹಬ್ಬದ ಸಿದ್ಧತೆ ವಾರಗಳ ಮುಂಚೆಯೇ ಶುರು: ಪತ್ತಾಯಕ್ಕೆ (ಕಣಜಕ್ಕೆ) ಅಕ್ಕಿ ಹಾಕುವುದು, ಆಜ್ಞಾ ಮುಹೂರ್ತ, ಅಕ್ಷಯ ಪಾತ್ರೆ ಇರಿಸುವುದು, ನಂದಾದೀಪ ಬೆಳಗುವುದು. ಇಷ್ಟೆಲ್ಲ ಆದ ಮೇಲೆ ಬರುವ ಗಳಿಗೆಗೆ ನಾವು ಐದು ನಿಮಿಷ ಮುಂಚೆ ಹೋಗಿ ಮುಂದಿನ ಸಾಲು ಕೇಳುವುದು ಸರಿಯಲ್ಲ.

ಸಂಗಮದಲ್ಲಿ ಉಟ್ಟ ಬಟ್ಟೆಯನ್ನು ನೀರಿಗೆ ಬಿಡುವ ರೂಢಿಯೊಂದು ಹತ್ತಿಕೊಂಡಿದೆ. ಪಾಪ ತೊಳೆಯುತ್ತದೆಯಂತೆ. ಆ ಪಂಚೆ ಸೀರೆಗಳು ಕೆಳಗೆ ಯಾವುದೋ ಬೇರಿಗೆ ಸಿಕ್ಕಿ ಕೊಳೆಯುತ್ತವೆ. ತಾಯಿಗೆ ಒಪ್ಪಿಸುವ ವಸ್ತು ಅದಲ್ಲ. ಸೋಪು, ಶಾಂಪೂ ಕೂಡ ಬೇಡ.

ಮೇಲೆ, ಸಮುದ್ರಮಟ್ಟದಿಂದ 1,276 ಮೀಟರ್ ಎತ್ತರದಲ್ಲಿ, ಅಕ್ಟೋಬರಿನಲ್ಲೂ ಮಳೆ ಬಿಟ್ಟಿರುವುದಿಲ್ಲ. ಗಾಳಿಗೆ ಕೊಡೆ ಮಗುಚುತ್ತದೆ, ಮಳೆಯಂಗಿಯೇ ವಾಸಿ. ಚಪ್ಪಲಿ ಬಿಟ್ಟ ಮೇಲೆ ಒದ್ದೆ ಕಲ್ಲಿನ ಮೇಲೆ ನಡೆಯಬೇಕು, ಪಾಚಿ ಇರುವಲ್ಲಿ ಹಿಮ್ಮಡಿ ಮೊದಲು ಊರಿದರೆ ಜಾರುವುದು ಖಂಡಿತ. ಪಾದ ಪೂರ್ತಿ ಊರಿ. ಹುಲ್ಲಿನ ಅಂಚಿಗೆ ನಿಂತವರ ಕಾಲಿಗೆ ಜಿಗಣೆ ಹತ್ತಬಹುದು. ಕಿತ್ತೆಳೆದರೆ ಗಾಯ ಉಳಿಯುತ್ತದೆ, ಉಪ್ಪು ಮುಟ್ಟಿಸಿದರೆ ತಾನೇ ಉದುರುತ್ತದೆ. ಚೀಟಿಯಲ್ಲಿ ಒಂದು ಹಿಡಿ ಉಪ್ಪು ಕಟ್ಟಿಕೊಳ್ಳಿ.

ತೀರ್ಥ ಉಕ್ಕುವುದು ಚಿಕ್ಕ ಚೌಕದ ಕುಂಡಿಕೆಯಲ್ಲಿ. ಅದರ ಮುಂದಿನ ಕೊಳದಲ್ಲಿ ಭಕ್ತರು ಮುಳುಗುತ್ತಾರೆ. ದಂಪತಿ ಸ್ನಾನಕ್ಕೆ ಸೆರಗು ಮತ್ತು ಉತ್ತರೀಯಕ್ಕೆ ಗಂಟು ಹಾಕುತ್ತಾರಲ್ಲ, ಅನಾಹುತ ಆಗುವುದು ಅಲ್ಲೇ. ನೆಂದ ಗಂಟು ಬಿಗಿಯುತ್ತದೆ, ಬಿಚ್ಚಲು ಬರುವುದಿಲ್ಲ, ನೂಕುನುಗ್ಗಲಿನಲ್ಲಿ ಒಬ್ಬರು ಜಾರಿದರೆ ಇನ್ನೊಬ್ಬರೂ ಬೀಳುತ್ತಾರೆ. ಎಳೆದರೆ ಬಿಚ್ಚಿಕೊಳ್ಳುವಂಥ ಸಡಿಲ ಗಂಟು ಸಾಕು. ಜನ ಹೆಚ್ಚಿದ್ದರೆ ಕೈ ಹಿಡಿದು ಸಂಕಲ್ಪ ಮಾಡಿ ಮೂರು ಬಾರಿ ಮುಳುಗಿದರೂ ಆಯಿತು. ರೇಷ್ಮೆ ಸೀರೆ ಬೇಡ, ನೀರು ಕುಡಿದು ಭಾರವಾಗುತ್ತದೆ. ಹತ್ತಿ ಸೀರೆ, ಹತ್ತಿ ಪಂಚೆ. ಒಣ ಬಟ್ಟೆ ತಲಾ ಎರಡು ಜೊತೆ, ಒಂದು ಟವೆಲ್ಲು, ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ.

ಗುಂಪಿನಲ್ಲಿ ಬೇರೆಯಾದರೆ ಫೋನನ್ನು ನಂಬುವಂತಿಲ್ಲ. ಅಷ್ಟು ಜನ ಸೇರಿದಲ್ಲಿ ಕರೆ ಹೋಗುವುದೇ ಕಷ್ಟ, ಮೇಲಾಗಿ ಸ್ನಾನಕ್ಕೆ ಇಳಿದವರ ಫೋನು ಚೀಲದಲ್ಲಿರುತ್ತದೆ, ಚೀಲ ಮತ್ತೊಬ್ಬರ ಕೈಯಲ್ಲಿರುತ್ತದೆ. ವಾಹನ ಇಳಿದ ಕೂಡಲೇ ಒಂದು ಜಾಗ ಗೊತ್ತುಮಾಡಿ, 'ಕಾಣದಿದ್ದರೆ ಇಲ್ಲಿಗೇ ಬಂದು ನಿಲ್ಲೋಣ' ಎಂದು ಮಾತಾಡಿಕೊಳ್ಳಿ. ಅಗಸ್ತ್ಯರ ವಿಷಯ ಮೊದಲೇ ಹೇಳಿದ್ದೇವೆ.

ತೀರ್ಥಕ್ಕೆ ಮುಚ್ಚಳ ತಿರುಗಿಸುವ ಅರ್ಧ ಲೀಟರಿನ ಸ್ಟೀಲ್ ಪಾತ್ರೆ ಒಳ್ಳೆಯದು. ಕೊಡ ಹೊತ್ತು ತರುವ ಕೊಡಗಿನವರಿಗೆ ಅದರ ಅಭ್ಯಾಸವಿದೆ. ದೂರದ ಊರಿನವರು ಬಾಯಿ ತೆರೆದ ಬಿಂದಿಗೆ ತಂದರೆ ಮೊದಲ ಹತ್ತು ತಿರುವಿನಲ್ಲೇ ಸೀಟು ಒದ್ದೆ. ಬ್ರಹ್ಮಗಿರಿಯ ಮೆಟ್ಟಿಲು ಹತ್ತಲು ಕೆಲವೊಮ್ಮೆ ಬಿಡುವುದಿಲ್ಲ. 2020ರ ಆಗಸ್ಟಿನಲ್ಲಿ ಅದೇ ಗುಡ್ಡ ಕುಸಿದು ಅರ್ಚಕರ ಮನೆಯೇ ಕೊಚ್ಚಿಹೋಯಿತು. ಬೀಗ ಕಂಡರೆ ಕೈಮುಗಿದು ಹಿಂದಿರುಗಿ, ವಾದ ಬೇಡ.

ಇಷ್ಟು ಹೇಳಿದ ಮೇಲೆ ಒಂದು ಅಭಿಪ್ರಾಯ. ಆ ಒಂದು ಗಳಿಗೆಗಾಗಿಯೇ ಎಲ್ಲರೂ ಮುಗಿಬೀಳುವುದರಿಂದಲೇ ಮುಕ್ಕಾಲು ಪಾಲು ಎಡವಟ್ಟು. ತುಲಾ ಮಾಸವಿಡೀ ಕಾವೇರಿ ಸ್ನಾನಕ್ಕೆ ಪುಣ್ಯಕಾಲ. ಈ ಮಾಸ ಮುಗಿಯುವ ನವೆಂಬರ್ ನಡುವಿನ ಕಿರು ಸಂಕ್ರಮಣದ ತನಕ ಯಾವ ದಿನ ಹೋದರೂ ಅದೇ ಕುಂಡಿಕೆ, ಅದೇ ನೀರು. ಹೊಸದಾಗಿ ಮದುವೆಯಾದವರು, ಬಸುರಿಯರು, ಮಂಡಿನೋವಿನವರು ವಾರದ ನಡುವಿನ ಒಂದು ಬೆಳಗ್ಗೆ ಹೋಗುವುದೇ ಮೇಲು. ಅರ್ಚಕರಿಗೂ ಎರಡು ಮಾತಾಡುವಷ್ಟು ಬಿಡುವಿರುತ್ತದೆ, ಕುಂಕುಮಾರ್ಚನೆಯೂ ಸಾವಕಾಶವಾಗಿ ಆಗುತ್ತದೆ.

ಹೋಗಲಾಗದವರಿಗೆ ಕೊಡವರ ಕಣಿಪೂಜೆಯ ದಾರಿಯಿದೆ. ಸಂಕ್ರಮಣದ ಮರುದಿನ ತಟ್ಟೆಯಲ್ಲಿ ಸೌತೆಕಾಯಿ ಅಥವಾ ತೆಂಗಿನಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಆಭರಣ ತೊಡಿಸಿ, ಬಳೆ, ಹೂವು, ವೀಳ್ಯದೆಲೆ, ಅಡಿಕೆ ಇಟ್ಟು ಕಾವೇರಮ್ಮನೆಂದು ಪೂಜಿಸುತ್ತಾರೆ. ಮನೆಯವರು ಅಕ್ಕಿ ಹಾಕಿ ನಮಸ್ಕರಿಸುತ್ತಾರೆ. ಆ ದಿನ ಅಡುಗೆಯಲ್ಲಿ ಮಾಂಸವಿಲ್ಲ, ದೋಸೆ ಮತ್ತು ಕುಂಬಳಕಾಯಿ ಕರಿ. ಸೌತೆಕಾಯಿ ಸ್ವಲ್ಪ ದಪ್ಪನೆಯದಿರಲಿ, ತೆಳ್ಳಗಿದ್ದರೆ ಸರದ ಭಾರಕ್ಕೆ ವಾಲುತ್ತದೆ.